ಮಡಿಕೇರಿ ಕೋಟೆಯಲ್ಲಿ ಕುಂಬ್ರದ ಪಾಲು

ಕೋಟೆ ನೋಡುವುದೆಂದರೆ ಹೆಚ್ಚಿನವರಿಗೆ ಇಪ್ಪತ್ತು ನಿಮಿಷದ ಕೆಲಸ. ಪುತ್ತೂರು, ಸುಳ್ಯ ಕಡೆಯ ಶಾಲೆಗಳಿಂದ ಪ್ರತಿ ವರ್ಷ ಡಿಸೆಂಬರ್ ತಿಂಗಳಲ್ಲಿ ಮಡಿಕೇರಿಗೆ ಹೊರಡುವ ಪ್ರವಾಸದ ಬಸ್ಸುಗಳನ್ನು ಗಮನಿಸಿದರೆ ಇದು ತಿಳಿಯುತ್ತದೆ. ಅಬ್ಬಿ ಜಲಪಾತಕ್ಕೆ ಒಂದೂವರೆ ಗಂಟೆ, ಊಟಕ್ಕೆ ಒಂದು ಗಂಟೆ, ಸೂರ್ಯಾಸ್ತಕ್ಕೆ ರಾಜಾಸೀಟಿನಲ್ಲಿ ಇನ್ನೊಂದು ಗಂಟೆ. ನಡುವೆ ಉಳಿದ ಇಪ್ಪತ್ತು ನಿಮಿಷ ಕೋಟೆಗೆ. ಮಕ್ಕಳು ಗಾರೆಯ ಆನೆಗಳ ಪಕ್ಕ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಅಧ್ಯಾಪಕರು ತಲೆ ಎಣಿಸುತ್ತಾರೆ, ಬಸ್ಸು ಹೊರಡುತ್ತದೆ. ಮರುದಿನ ಬರೆಯುವ ಪ್ರವಾಸ ಪ್ರಬಂಧದಲ್ಲಿ ಕೋಟೆಗೆ ಸಿಗುವುದು ಒಂದೇ ವಾಕ್ಯ: ‘ಅನಂತರ ಕೋಟೆಯನ್ನು ನೋಡಿದೆವು.’

ಇದೇ ಜನ ದೂರದ ದೇಶದ ಕೋಟೆಯ ಚಿತ್ರವನ್ನು ಕಂಡರೆ ಕಣ್ಣರಳಿಸುತ್ತಾರೆ ಎಂಬುದೊಂದು ತಮಾಷೆ. ಯುರೋಪಿನ ಹಲವು ರಾಜಧಾನಿಗಳಲ್ಲಿ ಕೋಟೆಯೇ ಒಂದು ಪೇಟೆ. ಹಂಗೇರಿಯ ಬುಡಾಪೆಸ್ಟನ್ನೇ ತೆಗೆದುಕೊಳ್ಳಬಹುದು. ಡ್ಯಾನ್ಯೂಬ್ ನದಿಯ ಒಂದು ದಡದಲ್ಲಿ ಪೆಸ್ಟ್ ಎಂಬ ಸಮತಟ್ಟಾದ ನಗರ. ಇನ್ನೊಂದು ದಡದಲ್ಲಿ ಬುಡಾ ಎಂಬ ಗುಡ್ಡ, ಅದರ ಮೇಲೆ ಕೋಟೆ. 1241-42ರಲ್ಲಿ ಮಂಗೋಲರು ದೇಶವನ್ನು ಸೂರೆ ಮಾಡಿ ಹೋದ ನಂತರ, ನಾಲ್ಕನೆಯ ಬೇಲಾ ಎಂಬ ಅರಸ ಆ ಗುಡ್ಡದ ಮೇಲೆ ಕೋಟೆ ಕಟ್ಟಿಸಿ ಜನರನ್ನು ನೆಲೆಗೊಳಿಸಿದ. ಅರಮನೆ, ಚರ್ಚು, ಓಣಿಗಳು, ಮನೆಗಳು ಎಲ್ಲವೂ ಗೋಡೆಯ ಒಳಗೇ. 1541ರಿಂದ 1686ರ ತನಕ ಅದು ತುರ್ಕರ ಕೈಯಲ್ಲಿತ್ತು. ಆಗ ಅಲ್ಲಿನ ಮತ್ಯಾಸ್ ಚರ್ಚು ಮಸೀದಿಯಾಯಿತು. ತುರ್ಕರು ಹೋದ ಮೇಲೆ ಮತ್ತೆ ಚರ್ಚಾಯಿತು. 1944-45ರ ಚಳಿಗಾಲದಲ್ಲಿ ಎರಡನೆಯ ಮಹಾಯುದ್ಧದ ಮುತ್ತಿಗೆ ಆ ಗುಡ್ಡವನ್ನೇ ಜಜ್ಜಿಹಾಕಿತು. ಅದನ್ನೂ ಕಟ್ಟಿ ನಿಲ್ಲಿಸಿದರು. 1987ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಅಲ್ಲಿಗೆ ಹೋಗುವ ಪ್ರವಾಸಿಗ ಕನಿಷ್ಠ ಒಂದು ದಿನ ಕಳೆಯುತ್ತಾನೆ.

ಗುಡ್ಡ, ಗುಡ್ಡದ ಮೇಲೆ ಅರಮನೆ, ಗೋಡೆ, ಕೈ ಬದಲಾದ ಆರಾಧನೆಯ ಜಾಗ, ಒಬ್ಬರಾದ ಮೇಲೊಬ್ಬರು ಬಂದ ಒಡೆಯರು. ಈ ಲೆಕ್ಕದಲ್ಲಿ ಮಡಿಕೇರಿಯ ಕೋಟೆಗೆ ಏನು ಕಡಿಮೆ? ಗಾತ್ರ ಕಡಿಮೆ ಇರಬಹುದು. ಆದರೆ ಪುತ್ತೂರು, ಸುಳ್ಯದವರ ಪಾಲಿಗೆ ಬುಡಾ ಕೋಟೆಗೆ ಇಲ್ಲದ ಒಂದು ಗುಣ ಅದಕ್ಕಿದೆ. ಅದು ಅವರದೇ ಹಿರಿಯರ ಸೀಮೆಯನ್ನು ಆಳಿದ ರಾಜಧಾನಿ. ಈ ಮಾತು ಗೊತ್ತಿಲ್ಲದೆಯೇ ಎಷ್ಟೋ ಮಂದಿ ಆ ಆನೆಗಳ ಪಕ್ಕ ನಿಂತು ಬಂದಿದ್ದಾರೆ.

ಕುಂಬ್ರದ ಅಡಿಕೆ ಕೃಷಿಕರೊಬ್ಬರಿಗೂ ಗೊತ್ತಿರಲಿಲ್ಲ. ಅವರಿಗೆ ಹತ್ತನೆಯ ತರಗತಿಯಲ್ಲಿ ಓದುವ ಮಗಳೊಬ್ಬಳು. ಓದಿನಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಮುಂದೆ ಏನು ಎಂಬ ವಿಷಯದಲ್ಲಿ ಮನೆಯಲ್ಲಿ ಸಣ್ಣದೊಂದು ಯುದ್ಧ ನಡೆದಿತ್ತು. ಅಪ್ಪನದು ಒಂದೇ ಪಟ್ಟು, ಪಿಸಿಎಂಬಿ. ಮಗಳಿಗೆ ಇತಿಹಾಸ ಬೇಕು. ‘ಒಳ್ಳೆ ಮಾರ್ಕ್ ಬರುವವರು ಯಾರಾದ್ರೂ ಆರ್ಟ್ಸಿಗೆ ಹೋಗ್ತಾರಾ?’ ಎಂದು ಅಪ್ಪ. ‘ಹೋಗ್ಬಾರದು ಅಂತ ಎಲ್ಲಿ ಬರೆದದ್ದುಂಟು?’ ಎಂದು ಮಗಳು. ಕ್ರಿಸ್ಮಸ್ ರಜೆಯಲ್ಲಿ ಅವಳು ಎಲ್ಲಿಗಾದರೂ ಕರೆದುಕೊಂಡು ಹೋಗು ಎಂದು ಹಟ ಹಿಡಿದಳು. ಕೊಯ್ದ ಅಡಿಕೆ ಅಂಗಳದಲ್ಲಿ ಒಣಗುತ್ತಿತ್ತು. ಒಂದು ದಿನದ ಮಟ್ಟಿಗೆ ಅದನ್ನು ಅಜ್ಜಿಯ ಕಾವಲಿಗೆ ಬಿಟ್ಟು ಅಪ್ಪ, ಮಗಳು ಬೆಳಗ್ಗಿನ ಬಸ್ಸು ಹಿಡಿದರು.

ಕುಂಬ್ರ ಒಂದು ಕೂಡುರಸ್ತೆ. ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಹೆದ್ದಾರಿಯಿಂದ ಬೆಳ್ಳಾರೆಯ ರಸ್ತೆ ಕವಲೊಡೆಯುವುದು ಇಲ್ಲಿಯೇ. ಹೆದ್ದಾರಿಯಲ್ಲೇ ಮುಂದುವರಿದರೆ ಕಾವು, ಕನಕಮಜಲು, ಜಾಲ್ಸೂರು, ಸುಳ್ಯ. ಅಲ್ಲಿಂದ ಪಯಸ್ವಿನಿಯ ಬದಿ ಹಿಡಿದು ಅರಂತೋಡು, ಸಂಪಾಜೆ. ಸಂಪಾಜೆಯ ನಂತರ ಘಾಟಿ. ಜೋಡುಪಾಲ, ಮದೆನಾಡು ದಾಟುವಾಗ ಗುಡ್ಡದ ಮೈಮೇಲೆ 2018ರ ಆಗಸ್ಟಿನ ಭೂಕುಸಿತದ ನೆನಪು ಬಾರದೆ ಇರುವುದಿಲ್ಲ. ಆ ಮಳೆಗಾಲದಲ್ಲಿ ಈ ದಾರಿಯೇ ಕಡಿದುಹೋಗಿತ್ತು. ಕುಂಬ್ರದಿಂದ ಮಡಿಕೇರಿಗೆ ಒಟ್ಟು 75 ಕಿಲೋಮೀಟರಿನ ಆಸುಪಾಸು. ದೂರ ಹೆಚ್ಚಲ್ಲ; ಏರು ಹೆಚ್ಚು. ಕುಂಬ್ರದ ಎತ್ತರ ಸಮುದ್ರಮಟ್ಟದಿಂದ ನೂರು ಮೀಟರಿನ ಸುತ್ತಮುತ್ತ. ಮಡಿಕೇರಿಯದು ಸುಮಾರು 1150 ಮೀಟರು. ಅಂದರೆ ಒಂದು ಕಿಲೋಮೀಟರಿಗೂ ತುಸು ಹೆಚ್ಚು ಮೇಲಕ್ಕೆ. ಅಷ್ಟಕ್ಕೇ ಗಾಳಿ ಆರೇಳು ಡಿಗ್ರಿ ತಣ್ಣಗಾಗುತ್ತದೆ. ಕುಂಬ್ರದಲ್ಲಿ ನೂರು ಡಿಗ್ರಿಯ ಹತ್ತಿರ ಕುದಿಯುವ ನೀರು ಅಲ್ಲಿ 96ರ ಸುಮಾರಿಗೇ ಕುದಿಯುತ್ತದೆ. ಅಕ್ಕಿ ಬೇಯಲು ಸ್ವಲ್ಪ ಹೆಚ್ಚು ಹೊತ್ತು ಬೇಕು.

ಸ್ವೆಟರ್ ಎಳೆದುಕೊಳ್ಳುತ್ತಾ ಮಗಳು ಕೇಳಿದಳು: ‘ಅಪ್ಪಾ, ಬಸ್ಸಿಲ್ಲದಾಗ ಇಲ್ಲಿಗೆ ಜನ ಹೇಗೆ ಬರ್ತಿದ್ದರು?’

‘ನಡ್ಕೊಂಡು.’

‘ಸಾಮಾನು?’

‘ತಲೆಹೊರೆ. ಇಲ್ಲದಿದ್ರೆ ಎತ್ತಿನ ಬೆನ್ನ ಮೇಲೆ ಹೇರಿ.’

ಕೊಡಗಿಗೆ ಸಮುದ್ರವಿಲ್ಲ. ಉಪ್ಪು ಬೇಕಾದರೆ ಕರಾವಳಿಯಿಂದ ಮೇಲೆ ಹತ್ತಲೇಬೇಕು. ಮಗಳು ತನ್ನ ವಿಜ್ಞಾನ ಪಾಠವನ್ನು ನೆನಪಿಸಿಕೊಂಡು ಟಿಕೇಟಿನ ಹಿಂಬದಿಯಲ್ಲಿ ಲೆಕ್ಕ ಹಾಕಿದಳು. 25 ಕಿಲೋ ಉಪ್ಪು, ಹೊರುವವನ ತೂಕ 50 ಕಿಲೋ, ಏರು ಸಾವಿರ ಮೀಟರು. ಗುರುತ್ವದ ವಿರುದ್ಧ ಮಾಡಬೇಕಾದ ಕೆಲಸ ಸುಮಾರು 735 ಕಿಲೋಜೂಲು. ದೇಹ ತಿಂದ ಅನ್ನದ ಶಕ್ತಿಯ ಕಾಲು ಭಾಗವನ್ನಷ್ಟೇ ದುಡಿಮೆಯಾಗಿ ಮಾರ್ಪಡಿಸುತ್ತದೆ. ಹಾಗಾದರೆ ಸುಮಾರು 2900 ಕಿಲೋಜೂಲು ಬೇಕು, ಅಂದರೆ ಹತ್ತಿರ ಹತ್ತಿರ 200 ಗ್ರಾಂ ಅಕ್ಕಿ. ಅದೂ ಬರಿಯ ಏರಿಗೆ. ಸಮತಟ್ಟಿನ ನಡಿಗೆ, ಚಳಿ, ಜಿಗಣೆ ಯಾವುದೂ ಆ ಲೆಕ್ಕದಲ್ಲಿಲ್ಲ. ‘ಮೇಲೆ ಕೂತ ರಾಜನ ಊಟಕ್ಕೆ ಉಪ್ಪು ಬೇಕಾದ್ರೆ ಕೆಳಗಿನವ ಪಾವು ಅಕ್ಕಿ ಖರ್ಚು ಮಾಡ್ಬೇಕು ಅಪ್ಪಾ’ ಎಂದಳು. ಅಪ್ಪನಿಗೆ ಸಂತೋಷವಾಯಿತು. ವಿಜ್ಞಾನದ ತಲೆ ಇದೆಯಲ್ಲ ಎಂದು! ಆ ಲೆಕ್ಕ ಇತಿಹಾಸದ್ದೂ ಹೌದು ಎಂಬುದು ಅವರಿಗೆ ಆಗ ಹೊಳೆಯಲಿಲ್ಲ.

ಕೋಟೆ ಇರುವುದು ಮಡಿಕೇರಿ ಪೇಟೆಯ ನಡುವಿನ ದಿನ್ನೆಯ ಮೇಲೆ. ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಇಲ್ಲಿ ರಾಜಧಾನಿ ಕಟ್ಟಿದ. ಮುದ್ದುರಾಜನ ಕೇರಿಯೇ ಬಾಯಿಂದ ಬಾಯಿಗೆ ಸವೆದು ಮಡಿಕೇರಿಯಾಯಿತು. ಮೊದಲಿನದು ಮಣ್ಣಿನ ಕೋಟೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಲ್ಲಿ ಮಣ್ಣಿನ ಗೋಡೆಯನ್ನು ಕಾಪಾಡುವುದು ಎಂಥ ಕೆಲಸ ಎಂಬುದನ್ನು ಕರಾವಳಿಯವರಿಗೆ ವಿವರಿಸಬೇಕಿಲ್ಲ. ಮಳೆಗಾಲಕ್ಕೆ ಮುಂಚೆ ಮನೆಯ ಗೋಡೆಗೆ ತೆಂಗಿನ ಮಡಲು ಕಟ್ಟಿದವರಿಗೆ ಅದು ಗೊತ್ತು. ಟಿಪ್ಪು ಸುಲ್ತಾನನ ಕಾಲದಲ್ಲಿ ಅದು ಕಲ್ಲಿನ ಕೋಟೆಯಾಯಿತು, ಹೆಸರು ಜಾಫರಾಬಾದ್ ಎಂದಾಯಿತು. ಪಿರಿಯಾಪಟ್ಟಣದ ಕೋಟೆಯಲ್ಲಿ ಸೆರೆಯಾಗಿದ್ದ ದೊಡ್ಡ ವೀರರಾಜೇಂದ್ರ 1788ರಲ್ಲಿ ತಪ್ಪಿಸಿಕೊಂಡು ಬಂದು, 1790ರಲ್ಲಿ ಈ ಕೋಟೆಯನ್ನು ಮರಳಿ ಪಡೆದ. ಈಗ ಕಾಣುವ ಅರಮನೆಯನ್ನು 1812ರಿಂದ 1814ರ ಒಳಗೆ ಕಟ್ಟಿಸಿದವನು ಲಿಂಗರಾಜೇಂದ್ರ. ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನವೂ ಅವನದೇ, 1820ರದು.

ಒಳಗೆ ಹೋಗುವ ದಾರಿ ನೆಟ್ಟಗಿಲ್ಲ. ಪೂರ್ವದ ಕಡೆಯಿಂದ ಸುತ್ತಿ ಬಳಸಿ ಹೋಗಬೇಕು. ಗಾಡಿ ನಿಲ್ಲಿಸಿ ಬಂದ ಪ್ರವಾಸಿಗರಿಗೆ ಇದು ಕಿರಿಕಿರಿ. ಕೋಟೆ ಕಟ್ಟಿದವನಿಗೆ ಅದೇ ಬೇಕಾದದ್ದು. ತಿರುವಿನಲ್ಲಿ ಶತ್ರುವಿನ ಓಟ ಕುಂಠಿತವಾಗುತ್ತದೆ, ಬಾಗಿಲು ಮುರಿಯಲು ಬಂದ ಆನೆಗೆ ಓಡಿ ಬರಲು ಜಾಗ ಸಿಗುವುದಿಲ್ಲ, ಮೇಲೆ ನಿಂತವನಿಗೆ ಗುರಿ ಸಿಗುತ್ತದೆ. ವೇಗ ಕಡಿಮೆಯಾದರೆ ಪೆಟ್ಟು ಕಡಿಮೆ. ಇದಕ್ಕೆ ಪುಸ್ತಕ ಬೇಕಾಗಿಲ್ಲ. ದಾರಿಯಲ್ಲಿ ನಡೆದು ನೋಡಿದರೆ ಸಾಕು. ಕೋಟೆಯ ಗೋಡೆ ಆರು ಮೂಲೆಗಳದ್ದು. ಒಂದೊಂದು ಮೂಲೆಗೂ ಒಂದೊಂದು ಕೊತ್ತಳ. ಮೂಲೆ ಹೊರಚಾಚಿದರೆ ಪಕ್ಕದ ಗೋಡೆಯ ಬುಡವೂ ಕಣ್ಣಿಗೆ ಬೀಳುತ್ತದೆ ಎಂಬುದು ಅದರ ಲೆಕ್ಕ.

ಆನೆಗಳು ನಿಜ ಗಾತ್ರದವು, ಗಾರೆಯವು. ಪ್ರವಾಸಿಗರ ಬೆನ್ನು ತಾಗಿ ತಾಗಿ ನುಣುಪಾಗಿವೆ. ಕೋಟೆಯೊಳಗೆ ಗಣಪತಿಯ ಗುಡಿ ಉಂಟು. ಅರಮನೆಯ ಅಂಗಳದಲ್ಲಿ ಕಲ್ಲಿನ ಆಮೆ ಉಂಟು. ಬ್ರಿಟಿಷರ ಕಾಲದ ಗಡಿಯಾರ ಗೋಪುರವೂ ಉಂಟು. ಅರಮನೆಯಲ್ಲಿ ರಾಜರು ಹೋದ ಮೇಲೆ ಬಹುಕಾಲ ಸರಕಾರಿ ಕಚೇರಿಗಳಿದ್ದವು, ಕೋಟೆಯ ಒಳಗೆ ಜೈಲೂ ಇತ್ತು. ಅರಮನೆ, ಗುಡಿ, ಕಚೇರಿ, ಜೈಲು ಎಲ್ಲವೂ ಒಂದೇ ಗೋಡೆಯೊಳಗೆ. ಆಳುವವರು ಬದಲಾದರೂ ಆಳುವ ಜಾಗ ಬದಲಾಗಲಿಲ್ಲ.

ಮಗಳು ಹೆಚ್ಚು ಹೊತ್ತು ನಿಂತದ್ದು ವಸ್ತುಸಂಗ್ರಹಾಲಯದ ಮುಂದೆ. ಹೊರಗಿನಿಂದ ನೋಡಿದರೆ ಅದು ಚರ್ಚು. ಒಳಗೆ ವೀರಗಲ್ಲು, ಜೈನ ವಿಗ್ರಹ, ಹಳೆಯ ಆಯುಧಗಳು. ‘ಚರ್ಚಿನೊಳಗೆ ಜಿನ ಹೇಗೆ ಬಂದ?’ ಎಂಬುದು ಅವಳ ಪ್ರಶ್ನೆ. ಉತ್ತರ ನೇರವಾಗಿಯೇ ಇದೆ. ಮೊದಲು ಇಲ್ಲಿ ವೀರಭದ್ರನ ಗುಡಿ ಇತ್ತು. 1855ರಲ್ಲಿ ಬ್ರಿಟಿಷರು ಅದನ್ನು ತೆಗೆಸಿದರು. ಆ ಜಾಗದಲ್ಲಿ ಸೇಂಟ್ ಮಾರ್ಕರ ಹೆಸರಿನ ಆಂಗ್ಲಿಕನ್ ಚರ್ಚು ಎದ್ದಿತು. ಅವರು ಹೋದ ಮೇಲೆ ಅದು ರಾಜ್ಯ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಾಯಿತು. ಬುಡಾ ಗುಡ್ಡದ ಚರ್ಚು ಮಸೀದಿಯಾಗಿ ಮತ್ತೆ ಚರ್ಚಾದ ಕಥೆಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ಗೆದ್ದವನು ಮೊದಲು ಕೈ ಹಾಕುವುದು ಸೋತವನ ದೇವರ ಮನೆಗೆ. ಇದು ಡ್ಯಾನ್ಯೂಬಿನ ದಡಕ್ಕೂ ಸಲ್ಲುವ ಮಾತು, ಕಾವೇರಿಯ ನಾಡಿಗೂ ಸಲ್ಲುವ ಮಾತು.

ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತು ಬುತ್ತಿ ಬಿಚ್ಚಿದಾಗ ಮಗಳು ಕೇಳಿದ ಪ್ರಶ್ನೆಯೇ ಆ ದಿನದ ಮುಖ್ಯ ಪ್ರಶ್ನೆ. ‘ಅಪ್ಪಾ, ನಮ್ಮ ಕಡೆಯವರು ಹಿಂದೆ ಇಲ್ಲಿಗೆ ಬಂದದ್ದುಂಟಾ?’

‘ಬಾರದೆ ಎಂತ, ದಸರಾ ನೋಡ್ಲಿಕ್ಕೆ ನಾನೇ ಎಷ್ಟು ಸಲ ಬಂದಿದ್ದೇನೆ.’

‘ದಸರಾ ಅಲ್ಲ. ರಾಜರು ಇದ್ದಾಗ.’

ಅಪ್ಪನಿಗೆ ಉತ್ತರ ತಿಳಿಯಲಿಲ್ಲ. ಪಕ್ಕದಲ್ಲಿ ಇದ್ದ ಹಿರಿಯರೊಬ್ಬರು, ಸಂಪಾಜೆ ಕಡೆಯ ನಿವೃತ್ತ ಅಂಚೆ ನೌಕರರು, ಕೇಳಿಸಿಕೊಂಡು ನಕ್ಕರು. ‘ಎಲ್ಲಿಯವರು ನೀವು? ಕುಂಬ್ರವಾ? ಹಾಗಾದ್ರೆ ಕಲ್ಯಾಣಪ್ಪನ ಕಾಟಕಾಯಿ ಅಂತ ಕೇಳಿದ್ದೀರಲ್ಲ?’ ಎಂದರು.

ಕೇಳದೆ ಏನು! ಮನೆಯಲ್ಲಿ ಅಡಿಕೆ ಕಾಯುತ್ತಿದ್ದ ಅಜ್ಜಿಯ ಬಾಯಲ್ಲಿ ಅದು ದಿನನಿತ್ಯದ ಮಾತು. ತೋಟಕ್ಕೆ ಮಂಗಗಳು ನುಗ್ಗಿದರೆ ‘ಕಾಟಕಾಯಿ’, ಮಕ್ಕಳು ಅಡುಗೆಮನೆಯ ಡಬ್ಬಿ ಬರಿದು ಮಾಡಿದರೂ ‘ಕಾಟಕಾಯಿ’. ಅದೊಂದು ಊರಿನ ಚರಿತ್ರೆ ಎಂದು ಯಾರೂ ಯೋಚಿಸಿರಲಿಲ್ಲ, ಅಷ್ಟೆ.

ಚರಿತ್ರೆ ಹೀಗಿದೆ. ಘಟ್ಟದ ಕೆಳಗಿನ ಅಮರ ಸುಳ್ಯ ಮಾಗಣೆ ಹಾಲೇರಿ ಅರಸರ ಆಳ್ವಿಕೆಗೆ ಸೇರಿತ್ತು. ಟಿಪ್ಪುವಿನ ಪತನದ ನಂತರ ಈಸ್ಟ್ ಇಂಡಿಯಾ ಕಂಪೆನಿ ಪಂಜ, ಬೆಳ್ಳಾರೆಗಳನ್ನೂ ಕೊಡಗಿನ ಅರಸನಿಗೆ ಬಿಟ್ಟುಕೊಟ್ಟಿತು. ಹೀಗೆ ಇಂದಿನ ಪುತ್ತೂರು, ಸುಳ್ಯ, ಕಡಬ ತಾಲೂಕುಗಳಿಗೆ ಸೇರಿದ ಅನೇಕ ಊರುಗಳಿಗೆ ರಾಜಧಾನಿ ಮಂಗಳೂರಲ್ಲ, ಮಡಿಕೇರಿ. ಬೆಳ್ಳಾರೆಯಲ್ಲಿ ಖಜಾನೆ ಇತ್ತು. ಅದು ಇದ್ದ ಬಂಗ್ಲೆಗುಡ್ಡೆ ಈಗಲೂ ಉಂಟು.

1834ರ ಏಪ್ರಿಲಿನಲ್ಲಿ ಕಂಪೆನಿಯ ಸೇನೆ ಮಡಿಕೇರಿ ಕೋಟೆಗೆ ಬಂತು. ಕೊನೆಯ ಅರಸ ಚಿಕ್ಕ ವೀರರಾಜೇಂದ್ರ ಶರಣಾದ. ಅವನನ್ನು ಗಡೀಪಾರು ಮಾಡಿ ಕಾಶಿಗೆ ಕಳುಹಿಸಿದರು. ಕೊಡಗು ಕಂಪೆನಿಯ ಪಾಲಾಯಿತು. ಘಟ್ಟದ ಕೆಳಗಿನ ಮಾಗಣೆಗಳನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿದರು. ನಕಾಶೆಯ ಮೇಲೆ ಗೆರೆ ಎಳೆಯುವುದು ಸುಲಭ. ಅದರ ಬಿಸಿ ತಟ್ಟಿದ್ದು ತೀರ್ವೆ ಕಟ್ಟುವವನಿಗೆ. ಅರಸರ ಕಾಲದಲ್ಲಿ ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡುವ ಪದ್ಧತಿ ಇತ್ತು. ಕಂಪೆನಿ ನಗದು ಕೇಳಿತು.

ನಗದು ಎಂದರೆ ಅಷ್ಟು ದೊಡ್ಡ ವ್ಯತ್ಯಾಸವೇ ಎಂದು ಇಂದಿನ ಮಕ್ಕಳಿಗೆ ಅನಿಸಬಹುದು. ಅಡಿಕೆ ಕೃಷಿಕರಾದ ಆ ಅಪ್ಪನಿಗೆ ಮಾತ್ರ ವಿವರಿಸಬೇಕಾಗಲಿಲ್ಲ. ಬೆಳೆಯ ಭಾಗ ಕೊಡುವುದಾದರೆ, ಬೆಳೆ ಕಡಿಮೆಯಾದ ವರ್ಷ ಕೊಡುವುದೂ ಕಡಿಮೆ. ನಗದಾದರೆ ಬೆಳೆ ಬರಲಿ ಬಾರದಿರಲಿ ನಿಗದಿಯಾದ ಹಣ ಕೊಡಲೇಬೇಕು. ಹಣಕ್ಕಾಗಿ ಕೊಯ್ಲಾದ ಕೂಡಲೇ ಎಲ್ಲರೂ ಒಟ್ಟಿಗೆ ಮಾರಬೇಕು. ಎಲ್ಲರೂ ಮಾರುವಾಗ ಧಾರಣೆ ಇಳಿಯುತ್ತದೆ. ಮಾರಿದ್ದು ಸಾಲದಿದ್ದರೆ ಸಾಲ. ಸಾಲ ಕೊಡುವವನೂ ಬೆಳೆ ಕೊಳ್ಳುವವನೂ ಒಬ್ಬನೇ ಆದರೆ ಮುಂದಿನದನ್ನು ಹೇಳಬೇಕಾಗಿಲ್ಲ. ‘ಇದು ಈಗಲೂ ಇರುವುದೇ ಅಲ್ವಾ’ ಎಂದರು ಅಪ್ಪ, ಮೆಲ್ಲಗೆ.

1837ರ ಮಾರ್ಚ್ ಕೊನೆಯಲ್ಲಿ ಅಮರ ಸುಳ್ಯದಲ್ಲಿ ರೈತರು ಎದ್ದರು. ಕೆದಂಬಾಡಿ ರಾಮಯ್ಯ ಗೌಡರು ಮುಂದಾಳುಗಳಲ್ಲಿ ಒಬ್ಬರು. ಪುಟ್ಟಬಸಪ್ಪ ಎಂಬಾತನನ್ನು ರಾಜವಂಶದ ಕಲ್ಯಾಣಸ್ವಾಮಿ ಎಂದು ಬಿಂಬಿಸಿ ಅವನ ಹೆಸರಿನಲ್ಲಿ ಜನ ಸೇರಿಸಿದರು. ಬೆಳ್ಳಾರೆಯ ಖಜಾನೆ ವಶವಾಯಿತು. ಪುತ್ತೂರಿನ ಸೀಮೆಯನ್ನು ಹಾದು ದಂಡು ಮಂಗಳೂರಿಗೆ ಹೋಯಿತು. ಏಪ್ರಿಲ್ 5ರಂದು ಅಲ್ಲಿನ ಬಾವುಟಗುಡ್ಡೆಯಲ್ಲಿ ಕಂಪೆನಿಯ ಧ್ವಜ ಇಳಿಸಿ ತಮ್ಮ ಬಾವುಟ ಏರಿಸಿದರು. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತೆಂದು ಹೇಳುತ್ತಾರೆ. ಇದು 1857ಕ್ಕಿಂತ ಇಪ್ಪತ್ತು ವರ್ಷ ಮೊದಲು! ಆಮೇಲೆ ಕಂಪೆನಿಗೆ ಹೊರಗಿನಿಂದ ಸೈನ್ಯ ಬಂತು. ಕಲ್ಯಾಣಸ್ವಾಮಿ ಸಿಕ್ಕಿಬಿದ್ದ, ಅವನನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಅರಸರ ಕಾಲದಲ್ಲಿ ಸುಬೇದಾರರಾಗಿದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಗಲ್ಲಿಗೇರಿಸಿದ್ದು ಇದೇ ಮಡಿಕೇರಿ ಕೋಟೆಯ ಬಳಿಯಲ್ಲಿ.

ಹುಡುಗಿ ತುತ್ತು ಬಾಯಿಗಿಡುವುದನ್ನು ನಿಲ್ಲಿಸಿ ಸುತ್ತ ನೋಡಿದಳು. ಆನೆಗಳ ಬಳಿ ಯಾವುದೋ ಶಾಲೆಯ ಮಕ್ಕಳು ಫೋಟೋಕ್ಕೆ ಸಾಲು ನಿಲ್ಲುತ್ತಿದ್ದರು.

ಚರಿತ್ರೆ ಸಿನಿಮಾದ ಹಾಗೆ ಎರಡೇ ಪಕ್ಷದ್ದಲ್ಲ. ಕೊಡಗಿನಲ್ಲೇ ಒಂದು ಪಾಲು ಜನ ಕಂಪೆನಿಯ ಪರ ನಿಂತು ಬಂಡಾಯವನ್ನು ಅಡಗಿಸಿದರು. ಹಾಗೆ ನಿಂತವರಿಗೆ ಕಂಪೆನಿ ಚಿನ್ನದ, ಬೆಳ್ಳಿಯ ಪದಕ ಕೊಟ್ಟಿತು. ಒಂದೇ ಘಟನೆಗೆ ಒಬ್ಬರಿಗೆ ಪದಕ, ಇನ್ನೊಬ್ಬರಿಗೆ ಹಗ್ಗ. ಕೊನೆಯ ಅರಸನ ಕ್ರೌರ್ಯದಿಂದ ಬೇಸತ್ತವರಿಗೆ ಕಂಪೆನಿ ಬಂದದ್ದೇ ಬಿಡುಗಡೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಮಾಸ್ತಿಯವರು ‘ಚಿಕವೀರ ರಾಜೇಂದ್ರ’ ಕಾದಂಬರಿ ಬರೆದದ್ದು ಆ ಅರಸನ ಮೇಲೆಯೇ. ಬಂಡಾಯದ ಕಥೆಯನ್ನು ‘ಕಲ್ಯಾಣಸ್ವಾಮಿ’ ಕಾದಂಬರಿಯಾಗಿಸಿದವರು ನಿರಂಜನ. ಅವರು ಹುಟ್ಟಿದ ಕುಳಕುಂದ ಸುಬ್ರಹ್ಮಣ್ಯದ ಪಕ್ಕದಲ್ಲೇ ಇದೆ.

ಗಡೀಪಾರಾದ ಅರಸನ ಕಥೆ ಕಾಶಿಗೆ ಮುಗಿಯಲಿಲ್ಲ. 1852ರಲ್ಲಿ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ಆ ಹುಡುಗಿಗೆ ದೀಕ್ಷಾಸ್ನಾನ ಮಾಡಿಸಿದಳು. ಹೆಸರು ವಿಕ್ಟೋರಿಯಾ ಗೌರಮ್ಮ ಎಂದಾಯಿತು. ಕಂಪೆನಿಯ ವಶದಲ್ಲಿದ್ದ ತನ್ನ ವಂಶದ ಹಣಕ್ಕಾಗಿ ಅರಸ ಅಲ್ಲಿನ ಕೋರ್ಟಿನಲ್ಲಿ ದಾವೆ ಹೂಡಿದ. 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಗೌರಮ್ಮ 1864ರಲ್ಲಿ ಸತ್ತಾಗ ಅವಳಿಗೆ ಇಪ್ಪತ್ತಮೂರು ತುಂಬಿರಲಿಲ್ಲ. ಅವಳು ಹುಟ್ಟಿದ್ದು ಕಾಶಿಯಲ್ಲಿ. ಅವಳ ಸಮಾಧಿ ಇರುವುದು ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ. ಯುರೋಪಿನ ರಾಜಧಾನಿಗೆ ಹೋಗಿ ಅಲ್ಲಿನ ಕೋಟೆ ಕೊತ್ತಳ ನೋಡಿಬರುವ ಕನ್ನಡಿಗರು ಈಗ ಬೇಕಾದಷ್ಟಿದ್ದಾರೆ. ಹೀಗೆ ಹೋಗಿ ಮರಳಿ ಬಾರದೆ ಉಳಿದವಳು ಕೊಡಗಿನ ಅರಸುಕುವರಿ.

ಸಂಪಾಜೆಯ ಹಿರಿಯರು ಎದ್ದು ಹೊರಡುವ ಮುಂಚೆ ಒಂದು ಮಾತು ಹೇಳಿದರು. ‘ಕಾಟಕಾಯಿ ಅಂದ್ರೆ ಲೂಟಿ. ತೀರ್ವೆ ಕೊಡ್ಲಿಕ್ಕೆ ಆಗದೆ ಎದ್ದವರು ನಮ್ಮ ಅಜ್ಜಂದಿರು. ಲೂಟಿ ಅಂತ ಹೇಳುವವರೂ ನಾವೇ. ಆ ಹೆಸರು ಯಾರು ಇಟ್ಟದ್ದು ಅಂತ ಯೋಚನೆ ಮಾಡಿದ್ದುಂಟಾ ಮಗಾ?’

ಬಂಡಾಯದ ಗಲಾಟೆಯಲ್ಲಿ ಲೂಟಿಯೂ ನಡೆದಿರಬಹುದು. ಅಂಥ ಸಮಯದಲ್ಲಿ ಒಳ್ಳೆಯವರೂ ಕೆಟ್ಟವರೂ ಸೇರಿಕೊಳ್ಳುತ್ತಾರೆ. ಆದರೆ ಒಂದು ಊರು ತನ್ನ ಹಿರಿಯರು ಮಾಡಿದ ಅತಿ ದೊಡ್ಡ ಕೆಲಸವನ್ನು ಮಂಗ ಓಡಿಸುವಾಗ ಮಾತ್ರ ನೆನಪಿಸಿಕೊಳ್ಳುತ್ತದೆ ಎಂದರೆ ಎಲ್ಲಿಯೋ ಏನೋ ತಪ್ಪಿದೆ. ಈಚಿನ ವರ್ಷಗಳಲ್ಲಿ ಅದು ಸರಿಯಾಗುತ್ತಿದೆ. ‘ಅಮರ ಸುಳ್ಯ ಸ್ವಾತಂತ್ರ್ಯ ಹೋರಾಟ’ ಎಂಬ ಹೆಸರು ಬಳಕೆಗೆ ಬಂದಿದೆ. ಮಡಿಕೇರಿಯಲ್ಲಿ ಅಪ್ಪಯ್ಯ ಗೌಡರ ಪ್ರತಿಮೆ ಇದೆ. 2022ರ ನವೆಂಬರಿನಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು. ಪ್ರತಿಮೆ ನಿಂತಿತೆಂದು ಪ್ರಶ್ನೆ ಮುಗಿಯುವುದಿಲ್ಲ. ಪ್ರತಿಮೆಯೂ ಕೋಟೆಯ ಹಾಗೆಯೇ. ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಮರೆತುಬಿಡಬಹುದು.

ಆ ಹುಡುಗಿ ಮಾತ್ರ ಮರೆಯಲಿಲ್ಲ. ಮನೆಗೆ ಬಂದು ಅಜ್ಜಿಯನ್ನು ಕೂರಿಸಿ ಕೇಳಿದಳು. ಅಜ್ಜಿಗೆ ಅವರ ಅತ್ತೆ ಹೇಳಿದ ಸಂಗತಿಯೊಂದು ನೆನಪಿತ್ತು. ಕಾಟಕಾಯಿಯ ಕಾಲದಲ್ಲಿ ಮನೆಯ ಹೆಂಗಸರು ಕಂಚಿನ ಪಾತ್ರೆಗಳನ್ನು ತೋಟದ ಕೆರೆಗೆ ಇಳಿಸಿದ್ದರಂತೆ. ಯಾರಿಗೆ ಹೆದರಿ? ಬಂಡಾಯದವರಿಗೋ, ಕಂಪೆನಿಯ ಸಿಪಾಯಿಗಳಿಗೋ? ಅಜ್ಜಿಗೆ ಅದು ಗೊತ್ತಿಲ್ಲ. ಹುಡುಗಿ ಎರಡನ್ನೂ ಬರೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಇಟ್ಟಳು. ಪ್ರಯೋಗಶಾಲೆಯ ದಾಖಲೆ ಪುಸ್ತಕದಲ್ಲಿ ಅಳತೆ ಖಚಿತವಾಗದಿದ್ದರೆ ಮಾಡಬೇಕಾದದ್ದೂ ಅದನ್ನೇ. ಕಂಡದ್ದು ಬೇರೆ, ಕೇಳಿದ್ದು ಬೇರೆ, ಊಹಿಸಿದ್ದು ಬೇರೆ. ಮೂರನ್ನೂ ಬೇರೆ ಬೇರೆ ಇಡಲು ಕಲಿತವರು ವಿಜ್ಞಾನ ಓದಿದರೂ ಸರಿ, ಇತಿಹಾಸ ಓದಿದರೂ ಸರಿ.

ಜೂನ್ ತಿಂಗಳಲ್ಲಿ ಅಪ್ಪ ಕಾಲೇಜಿನ ಅರ್ಜಿಗೆ ಸಹಿ ಹಾಕಿದರು, ಕಲಾ ವಿಭಾಗಕ್ಕೆ. ಒಪ್ಪಿಗೆ ಸುಲಭದಲ್ಲಿ ಬರಲಿಲ್ಲ. ಎರಡು ವಾರ ಮಾತು ಕಡಿಮೆಯಾಗಿತ್ತು. ಅಮ್ಮ ನಡುವೆ ನಿಂತು ಎರಡೂ ಕಡೆಯ ಕೋಪ ಹೊತ್ತುಕೊಂಡರು. ಕೆಲಸ ಸಿಗುತ್ತದೋ ಇಲ್ಲವೋ ಎಂಬ ಹೆದರಿಕೆ ಅಪ್ಪನಿಗೆ ಈಗಲೂ ಇದೆ. ಅದು ಸುಳ್ಳು ಹೆದರಿಕೆಯೂ ಅಲ್ಲ. ಮದುವೆಯೊಂದರ ಊಟದ ಪಂಕ್ತಿಯಲ್ಲಿ ನೆಂಟರೊಬ್ಬರು ಕೇಳಿದರು: ‘ಆರ್ಟ್ಸಾ? ಯಾಕೆ, ಮಾರ್ಕ್ ಕಡಿಮೆ ಬಂತಾ?’ ಅಪ್ಪ ಸಾರು ಕಲಸುತ್ತಾ ಹೇಳಿದರು: ‘ಮಾರ್ಕ್ ಬೇಕಾದಷ್ಟುಂಟು. ಅವಳಿಗೆ ಕೇಳ್ಲಿಕ್ಕೆ ಬಾಕಿ ಇರುವ ಪ್ರಶ್ನೆಗಳು ಅದಕ್ಕಿಂತ ಜಾಸ್ತಿ ಉಂಟು.’

ಎಲ್ಲ ಮಕ್ಕಳೂ ಇತಿಹಾಸವನ್ನೇ ಓದಬೇಕೆಂದಲ್ಲ. ಡಾಕ್ಟರೂ ಬೇಕು, ಇಂಜಿನಿಯರೂ ಬೇಕು, ಅಡಿಕೆ ತೋಟ ನೋಡಿಕೊಳ್ಳುವವರೂ ಬೇಕು. ಆದರೆ ಮುಂದಿನ ಬಾರಿ ಶಾಲೆಯ ಬಸ್ಸು ಮಡಿಕೇರಿಗೆ ಹೊರಟಾಗ ಹೆತ್ತವರೂ ಅಧ್ಯಾಪಕರೂ ಸೇರಿ ಒಂದು ಸಣ್ಣ ಬದಲಾವಣೆ ಮಾಡಬಹುದು. ಕೋಟೆಗೆ ಇಪ್ಪತ್ತು ನಿಮಿಷದ ಬದಲು ಎರಡು ಗಂಟೆ ಇಡಬಹುದು. ಮಕ್ಕಳ ಕೈಗೆ ಮೂರೇ ಪ್ರಶ್ನೆ ಕೊಟ್ಟು ಕಳುಹಿಸಬಹುದು: ಇದನ್ನು ಕಟ್ಟಿದವರು ಯಾರು, ಇದರ ಖರ್ಚು ಹೊತ್ತವರು ಯಾರು, ಇಲ್ಲಿಂದ ಹೊರಹಾಕಲ್ಪಟ್ಟವರು ಯಾರು? ಬುಡಾಪೆಸ್ಟಿಗೆ ಹೋಗುವ ಯೋಗ ಮುಂದೆ ಬಂದರೆ ಅಲ್ಲಿಯೂ ಕೇಳಬೇಕಾದವು ಇವೇ ಮೂರು. ಅಲ್ಲಿಯ ತನಕ ಅಭ್ಯಾಸಕ್ಕೆ ಮಡಿಕೇರಿ ಸಾಕು. ಅದಕ್ಕೂ ಪುರುಸೊತ್ತಿಲ್ಲದವರಿಗೆ ಬೆಳ್ಳಾರೆಯ ಬಂಗ್ಲೆಗುಡ್ಡೆ ಉಂಟು. ಕುಂಬ್ರದಲ್ಲಿ ಬಸ್ಸು ಹಿಡಿದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು.